ಸರಸ್ವತಿ ಪೂಜೆಗೆ ಕೂತ ನಲವತ್ತು ಕಾರ್ಡು

ಒಂಬತ್ತನೇ ಕ್ಲಾಸಿನ ದಸರಾ ರಜೆ ಶುರುವಾಗುವ ಹೊತ್ತಿಗೆ ನನ್ನ ಡೈರಿಯಲ್ಲಿದ್ದ ಲೆಕ್ಕ ಇದು: ಮಾವಳ್ಳಿಯ ಹುಡುಗನ ಜೊತೆ ಆಡಿದ್ದು ಹತ್ತೊಂಬತ್ತು, ಸೋತದ್ದು ಹತ್ತೊಂಬತ್ತು.

ಅದು ರಾಕ್ಷಸರ ಕಾರ್ಡಿನ ಆಟ. ಟೀವಿಯಲ್ಲಿ ಬರುತ್ತಿದ್ದ ಜಪಾನಿ ಕಾರ್ಟೂನಿನಿಂದ ಹುಟ್ಟಿ, ಗಾಂಧಿ ಬಜಾರಿನ ಸ್ಟೇಷನರಿ ಅಂಗಡಿಗಳಿಗೆ ಪುಟ್ಟ ಪ್ಯಾಕೆಟ್ಟುಗಳಲ್ಲಿ ಬಂದು ಇಳಿದಿತ್ತು. ಒಬ್ಬೊಬ್ಬರಿಗೂ ನಲವತ್ತು ಕಾರ್ಡಿನ ಡೆಕ್ಕು. ಸರದಿಯಂತೆ ಒಂದೊಂದು ಕಾರ್ಡು ಎಳೆದು, ನಮ್ಮ ರಾಕ್ಷಸರನ್ನು ಇಳಿಸಿ, ಎದುರಿನವರ ಅಂಕವನ್ನು ಸೊನ್ನೆಗೆ ತರಬೇಕು. ಡೆಕ್ಕಿಗೆ ಯಾವ ನಲವತ್ತನ್ನು ಸೇರಿಸಬೇಕು ಅನ್ನುವುದರಲ್ಲೇ ಅರ್ಧ ಆಟ ಮುಗಿದಿರುತ್ತದೆ ಎಂದು ನಾನು ನಂಬಿದ್ದೆ. ಮಾವಳ್ಳಿಯವನ ಹತ್ತಿರ ಬೆಂಕಿ ಡ್ರ್ಯಾಗನ್ ಮೂರಿದ್ದವು. ನನ್ನ ಹತ್ತಿರ ಒಂದೂ ಇರಲಿಲ್ಲ. ಹತ್ತೊಂಬತ್ತು ಸೋಲಿಗೆ ಬೇರೆ ಕಾರಣ ಹುಡುಕುವ ಅಗತ್ಯ ಕಾಣಲಿಲ್ಲ.

ಹಾಗಾಗಿ ಜೂನ್‌ನಿಂದ ಡೆಕ್ಕು ಕಟ್ಟಲು ಕೂತೆ. ಯಾವ ಕಾರ್ಡು ಯಾರ ಹತ್ತಿರ ಎಷ್ಟಿದೆ, ಯಾರಿಗೆ ಏನು ಬೇಕು ಎಂದು ಡೈರಿಯಲ್ಲಿ ಪಟ್ಟಿ ಮಾಡಿದೆ. ಚಾಮರಾಜಪೇಟೆಯ ಒಬ್ಬಳಿಗೆ ಹನ್ನೊಂದು ಕಾರ್ಡು ಕೊಟ್ಟು ಒಂದು ಡ್ರ್ಯಾಗನ್ ತಂದೆ. ಅಭ್ಯಾಸಕ್ಕೆ ಜೊತೆ ಸಿಗದಿದ್ದಾಗ ಬಲಗೈ ನಾನು, ಎಡಗೈ ಅವನು ಅಂದುಕೊಂಡು ಆಡುತ್ತಿದ್ದೆ. ಅರವತ್ತು ಆಟದಲ್ಲಿ ಎಡಗೈ ಮೂವತ್ತೆಂಟು ಗೆದ್ದಿತು. ಅದನ್ನೂ ಬರೆದಿಟ್ಟೆ.

ಸೆಪ್ಟೆಂಬರ್ ಕೊನೆಗೆ ಡೆಕ್ಕು ಸಿದ್ಧವಾಯಿತು. ಅದೇ ಸಮಯಕ್ಕೆ ಸ್ಟೇಷನರಿ ಅಂಗಡಿಯ ಅಂಕಲ್, ರಜೆಯ ಮೊದಲ ಭಾನುವಾರ ಅಂಗಡಿಯ ಮೇಲಿನ ಗೋಡೌನಿನಲ್ಲಿ ಪಂದ್ಯ ಇಡುತ್ತೇನೆ ಅಂದರು. ಗೆದ್ದವರಿಗೆ ಒಡೆಯದ ಒಂದು ಡಬ್ಬಿ ಪ್ಯಾಕೆಟ್ಟು. ನನಗೆ ಡಬ್ಬಿ ಮುಖ್ಯವಾಗಿರಲಿಲ್ಲ. ಅವನನ್ನು ಒಂದೇ ಒಂದು ಸಲ ಸೋಲಿಸಬೇಕಿತ್ತು.

ಹಿಂದಿನ ದಿನ, ಶನಿವಾರ, ಮೂಲಾ ನಕ್ಷತ್ರ. ನಮ್ಮ ಮನೆಯಲ್ಲಿ ಸರಸ್ವತಿಯನ್ನು ಕೂರಿಸುವ ದಿನ. ಮಣೆಯ ಮೇಲೆ ಪುಸ್ತಕಗಳನ್ನು ಜೋಡಿಸಿ ಪೂಜೆ ಮಾಡಿದರೆ ವಿಜಯದಶಮಿಯವರೆಗೆ ಅವನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ. ವರ್ಷದಲ್ಲಿ ಮಕ್ಕಳು ಇಷ್ಟು ಶ್ರದ್ಧೆಯಿಂದ ಆಚರಿಸುವ ಹಬ್ಬ ಇನ್ನೊಂದಿಲ್ಲ. ಎಲ್ಲ ಪುಸ್ತಕ ತಂದಿಡು ಎಂದು ಅಜ್ಜಿ ಕರೆದಾಗ ನಾನು ಗಣಿತವನ್ನು ಎಲ್ಲಕ್ಕಿಂತ ಕೆಳಗಿಟ್ಟೆ. ಡೈರಿಯನ್ನೂ ಇಟ್ಟೆ. ಆಮೇಲೆ, ನಾಳೆ ಪಂದ್ಯ, ದೇವಿಯ ಆಶೀರ್ವಾದವೂ ಇರಲಿ ಅನ್ನಿಸಿ ನಲವತ್ತು ಕಾರ್ಡಿನ ಕಟ್ಟನ್ನು ಡೈರಿಯ ಮೇಲಿಟ್ಟು ಕೈಮುಗಿದೆ. ಅಜ್ಜಿ ಅರಿಶಿನ ಕುಂಕುಮ ಹಾಕಿ, ರೇಷ್ಮೆ ಕಣ ಹೊದಿಸಿ, ಆರತಿ ಎತ್ತಿದರು.

ನನ್ನ ಡೈರಿಯಲ್ಲಿ ಪಂದ್ಯ ಭಾನುವಾರ ಎಂದು ಇತ್ತು. ಅಜ್ಜಿಯ ಪಂಚಾಂಗದಲ್ಲಿ ದೇವಿ ಏಳುವುದು ದಶಮಿಗೆ ಎಂದು ಇತ್ತು. ದಶಮಿ ಮಂಗಳವಾರ ಅನ್ನುವುದು ನನಗೆ ಹೊಳೆದದ್ದು ಊಟಕ್ಕೆ ಕೂತಾಗ, ಕೋಸಂಬರಿ ಬಡಿಸುವ ಹೊತ್ತಿಗೆ.

ಮೊದಲು ನಯವಾಗಿ ಕೇಳಿದೆ. ಪುಸ್ತಕ ಬೇಡ, ಕಾರ್ಡು ಮಾತ್ರ ಸಾಕು, ಅದೇನು ವಿದ್ಯೆ ಅಲ್ಲವಲ್ಲ ಅಂದೆ.

“ಅದರಲ್ಲಿ ಅಕ್ಷರ ಇದೆಯೇನೇ?” ಅಂದರು ಅಜ್ಜಿ.

“ಇದೆ.”

“ಹಾಗಾದ್ರೆ ಪುಸ್ತಕವೇ.”

“ಇಂಗ್ಲಿಷ್ ಅಜ್ಜಿ. ಅದೂ ತಪ್ಪು ತಪ್ಪು ಸ್ಪೆಲ್ಲಿಂಗು.”

“ಅಮ್ಮನೋರ ಮುಂದೆ ಕೂತಿದೆಯಲ್ಲ, ತಿದ್ದಿಕೊಳ್ಳುತ್ತೆ ಬಿಡು.”

ಅದರ ತುಂಬಾ ರಾಕ್ಷಸರೇ ಇದ್ದಾರೆ, ದೇವಿಯ ಮುಂದೆ ಇಡುವುದು ಅಪಚಾರ ಎಂದು ಹೆದರಿಸಿ ನೋಡಿದೆ. ದಸರಾದಲ್ಲಿ ರಾಕ್ಷಸರು ಇರಬೇಕಾದ ಜಾಗವೇ ಅದು ಅಂದರು. ಅಪ್ಪನ ಮುಖ ನೋಡಿದೆ. ಅಪ್ಪ ಬ್ಯಾಂಕಿನಲ್ಲಿ ಮ್ಯಾನೇಜರು. ಅಲ್ಲಿ ಎಷ್ಟೋ ಜನರ ಅಡವಿಟ್ಟ ಒಡವೆಗೆ ಸಹಿ ಹಾಕಿ ಬಿಡುಗಡೆ ಕೊಡಿಸುತ್ತಾರಂತೆ. ಇಲ್ಲಿ ಎರಡನೇ ಸಲ ಸಾರು ಹಾಕಿಸಿಕೊಂಡರು.

ಉಳಿದದ್ದು ಬಿಸ್ಕತ್ತಿನ ಡಬ್ಬದಲ್ಲಿದ್ದ ತೊಂಬತ್ತೇಳು ಬೇಡದ ಕಾರ್ಡು. ಅದರಲ್ಲೇ ನಲವತ್ತು ಆರಿಸಿಕೊಂಡೆ. ಡೈರಿ ಇಲ್ಲದ್ದರಿಂದ ಪಟ್ಟಿಯನ್ನು ದಿನಸಿ ಪೊಟ್ಟಣದ ಹಾಳೆಯ ಮೇಲೆ ಬರೆದೆ.

ಭಾನುವಾರ ಗೋಡೌನಿಗೆ ಹೋದರೆ ಎಂಟು ಜನ ಆಟಗಾರರಲ್ಲಿ ನಾನೂ ಸೇರಿ ಆರು ಜನರ ಮುಖ ಒಂದೇ ಥರ ಜೋತುಬಿದ್ದಿತ್ತು. ಎಲ್ಲರೂ ಆಸುಪಾಸಿನ ಮನೆಗಳವರು. ಎಲ್ಲರ ಡೆಕ್ಕೂ ಮಣೆಯ ಮೇಲಿತ್ತು, ಎಲ್ಲರೂ ಆಶೀರ್ವಾದಕ್ಕೆಂದು ತಾವೇ ಇಟ್ಟಿದ್ದರು. ಏಳನೆಯವಳು ಚಾಮರಾಜಪೇಟೆಯವಳು. ಪುಸ್ತಕ ಕಟ್ಟುವ ಬೈಂಡರಿಗೆ ಕೊಟ್ಟಿದ್ದೇನೆ ಅಂತ ಮನೆಯಲ್ಲಿ ಸುಳ್ಳು ಹೇಳಿ ಡೆಕ್ಕು ಉಳಿಸಿಕೊಂಡಿದ್ದಳು, ನೀವೂ ಹಾಗೇ ಹೇಳಬೇಕಿತ್ತು ಎಂದು ನಮಗೆಲ್ಲ ತಡವಾಗಿ ಬುದ್ಧಿ ಹೇಳಿದಳು. ಎಂಟನೆಯವನು ಮಾವಳ್ಳಿಯ ಹುಡುಗ, ಮೂರು ಡ್ರ್ಯಾಗನ್ ಸಮೇತ. ಅವರಪ್ಪನದು ಕಟ್ಟಡದ ಕಾಂಟ್ರಾಕ್ಟು. ಅವರ ಮನೆಯ ಪೂಜೆ ನವಮಿಗೆ, ಅದೂ ಲಾರಿಗೆ.

ಅಂಕಲ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಹಾಗಾದರೆ ಇವತ್ತು ಎಲ್ಲರೂ ಬೇಡದ ಕಾರ್ಡಿನಲ್ಲೇ ಆಡಿ ಎಂದು ತೀರ್ಪು ಕೊಟ್ಟರು. ಮಾವಳ್ಳಿಯವನು ಒಪ್ಪಲಿಲ್ಲ.

“ನಿಮ್ ಕಾರ್ಡಿಗೆ ನೀವೇ ಬೀಗ ಹಾಕ್ಕೊಂಡ್ರೆ ನಾನ್ಯಾಕೆ ಗುರು ಕಸ ಹಿಡ್ಕೊಂಡು ಆಡ್ಬೇಕು?”

ನ್ಯಾಯವಾದ ಮಾತು. ಆದರೆ ಚಾಮರಾಜಪೇಟೆಯವಳೂ ನಮ್ಮ ಕಡೆ ಸೇರಿ, ಎದುರಿಗೆ ಏಳು ಜನ. ಕೊನೆಗೆ ಅವನು ಡೆಕ್ಕನ್ನು ಜೇಬಿಗೆ ಹಾಕಿಕೊಂಡ. ಹೊಸ ತೊಡಕು: ಅವನ ಹತ್ತಿರ ಬೇಡದ ಕಾರ್ಡೇ ಇರಲಿಲ್ಲ. ಬೇಡದ್ದನ್ನು ಆಗಲೇ ಮಾರಿಬಿಡುವುದು ಅವನ ಪದ್ಧತಿ. ಹೆಚ್ಚಿಗೆ ಕಾರ್ಡಿದ್ದದ್ದು ನನ್ನ ಡಬ್ಬದಲ್ಲಿ ಮಾತ್ರ.

ಹೀಗೆ, ಅವನ ಡೆಕ್ಕನ್ನೂ ನಾನೇ ಕಟ್ಟುವ ಯೋಗ ಬಂತು. ಉಳಿದ ಐವತ್ತೇಳರಲ್ಲಿ ನಲವತ್ತು ಆರಿಸಲು ಮೂಲೆಗೆ ಹೋಗಿ ಕೂತೆ. ನಾನು ಒಳ್ಳೆಯವಳು ಎಂದು ಬರೆದುಕೊಳ್ಳಬಹುದಿತ್ತು, ಆದರೆ ಅವನ ಪಟ್ಟಿಯನ್ನೂ ಬರೆದ ಪೊಟ್ಟಣದ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ. ಅವನಿಗೆ ಕೊಟ್ಟದ್ದರಲ್ಲಿ ಒಂಬತ್ತು ಆಮೆ. ಆಮೆ ಹೊಡೆಯುವುದಿಲ್ಲ, ಹೊಡೆಸಿಕೊಳ್ಳುತ್ತದೆ; ಒಂದು ಸರದಿ ಅಡ್ಡ ಕೂತು, ಹೊಡೆತ ಬಿದ್ದರೂ ಬೀಳದಿದ್ದರೂ ಆಟದಿಂದ ಹೊರಗೆ. ಒಂದು ಕಾರ್ಡಿನ ಅರ್ಧ ಮುದ್ರಣವೇ ಆಗಿರಲಿಲ್ಲ. ಅವನು ಕಾರ್ಡುಗಳನ್ನು ಒಮ್ಮೆ ತಿರುವಿ ನೋಡಿ ಕಲಸತೊಡಗಿದ.

ಆ ಆಮೆಗಳನ್ನಿಟ್ಟುಕೊಂಡು ಅವನು ಇಬ್ಬರನ್ನು ಸೋಲಿಸಿದ. ನಾನೂ ಇಬ್ಬರನ್ನು ಸೋಲಿಸಿದೆ. ಫೈನಲ್ಲಿನಲ್ಲಿ ಎರಡೂ ಕಡೆ ನನ್ನವೇ ಕಾರ್ಡು, ಎರಡೂ ನಾನೇ ಕಟ್ಟಿದ ಡೆಕ್ಕು, ಒಳ್ಳೆಯದು ನನ್ನ ಕೈಯಲ್ಲಿ. ಹದಿನೈದು ನಿಮಿಷದಲ್ಲಿ ಸೋತೆ. ನನ್ನ ಕೈಗೆ ಬಲವಾದ ರಾಕ್ಷಸ ಬಂದಾಗಲೆಲ್ಲ ಅವನು ಮೊದಲೇ ಆಮೆಯನ್ನು ಅಡ್ಡ ಕೂರಿಸಿರುತ್ತಿದ್ದ.

ಅವನು ಬಹುಮಾನದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಹಿಂದೆಯೇ ಹೋದೆ. ಡ್ರ್ಯಾಗನ್ ಮೇಲೆ ಹೊರಿಸಿದ್ದ ಹತ್ತೊಂಬತ್ತು ಸೋಲನ್ನು ಈಗ ಎಲ್ಲಿಗೆ ಹೊರಿಸಬೇಕೋ ತಿಳಿಯದೆ, ನೇರವಾಗಿ ಕೇಳಿಬಿಟ್ಟೆ.

“ಹೆಂಗೋ ಗೊತ್ತಾಗುತ್ತೆ ನಿಂಗೆ?”

“ನೀನು ಕೊಟ್ಟಿದ್ದು ಕಸ ಅಂತಾನಾ? ಅದು ನೋಡಿದ್ ತಕ್ಷಣ ಗೊತ್ತಾಯ್ತು.”

“ಅದಲ್ಲ. ನನ್ ಕೈಲಿ ಏನಿದೆ ಅಂತ.”

ಅವನು ನಕ್ಕ. “ಒಳ್ಳೆ ಕಾರ್ಡು ಬಂದ್ರೆ ನೀನು ಜಡೆ ಹಿಂದಕ್ಕೆ ಎಸೀತೀಯ. ಪ್ರತಿ ಸಲ. ನಿಂಗೇ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಡೈರಿಯಲ್ಲಿ ಕಾರ್ಡಿನದೆಲ್ಲ ಲೆಕ್ಕ ಇತ್ತು, ಜಡೆಯದು ಇರಲಿಲ್ಲ. ಇನ್ನೊಂದು ಆಟ ಆಡೋಣ, ಇವೇ ಡೆಕ್ಕು, ಈಗಲೇ ಅಂದೆ. ಅಲ್ಲೇ ಮೆಟ್ಟಿಲ ಮೇಲೆ ಕೂತೆವು. ಅವನು ನನ್ನ ಜಡೆಯನ್ನೇ ನೋಡುತ್ತಿದ್ದ, ನಾನು ಅದನ್ನು ಕುರ್ತಾದೊಳಗೆ ಸೇರಿಸುತ್ತೇನೆ ಅಂದುಕೊಂಡಿದ್ದನೋ ಏನೋ. ನಾನು ಸೇರಿಸಲಿಲ್ಲ. ಕೈಯಲ್ಲಿ ಏನೂ ಇಲ್ಲದಾಗ ಜಡೆ ಎಸೆದೆ. ಅವನು ಆಮೆ ಇಳಿಸಿದ. ಮತ್ತೆ ಎಸೆದೆ, ಮತ್ತೊಂದು ಆಮೆ. ಆಮೆಗಳೆಲ್ಲ ಖಾಲಿಯಾದ ಮೇಲೆ ಬಲವಾದ ರಾಕ್ಷಸ ಬಂತು. ಜಡೆ ಮುಟ್ಟದೆ ಕೂತೆ. ಎರಡು ಸರದಿಯಲ್ಲಿ ಅವನ ಅಂಕ ಸೊನ್ನೆ.

“ಪಂದ್ಯ ಮುಗಿದ್ಮೇಲೆ ಆಡಿದ್ದು. ಇದು ಲೆಕ್ಕಕ್ಕಿಲ್ಲ,” ಅಂದ.

“ಸರಿ,” ಅಂದೆ.

ಮಂಗಳವಾರ ಅಜ್ಜಿ ದೇವಿಯನ್ನು ಏಳಿಸಿ ಪುಸ್ತಕಗಳನ್ನು ಕೈಗಿತ್ತರು. ನಾನು ಕಾರ್ಡಿನ ಕಟ್ಟು ಬಿಚ್ಚುವ ಮೊದಲೇ ಡೈರಿ ತೆಗೆದು ಬರೆದೆ: ಆಡಿದ್ದು ಇಪ್ಪತ್ತೊಂದು, ಸೋತದ್ದು ಇಪ್ಪತ್ತು, ಗೆದ್ದದ್ದು ಒಂದು. ಲೆಕ್ಕಕ್ಕಿಲ್ಲ ಎಂದು ಅವನು ಹೇಳಿದ್ದನ್ನೂ ಪಕ್ಕದಲ್ಲಿ ನಮೂದಿಸಿದೆ, ಪೆನ್ಸಿಲ್ಲಿನಲ್ಲಿ.