ಆರೋಗ್ಯವಂತರ ಸಾಲಿನ ಬಾಟಲಿ

ಹೋದ ವರ್ಷದ ಆಷಾಢ. ನನ್ನ ಹೆಂಡತಿ ಗಿರಿಜಳಿಗೆ ಬಾಯುರಿ ಶುರುವಾಗಿ ಆಗಲೇ ಒಂದು ವರ್ಷವಾಗಿತ್ತು. ಎರಡೂ ಕೆನ್ನೆಯ ಒಳಗೆ ಬಿಳಿ ಗೆರೆಗಳ ಬಲೆ. ಜೊತೆಗೆ ಶುಗರ್ ಬೇರೆ. ಡಾಕ್ಟರು ಆ ಬಲೆಗೆ ಲೈಕನ್ ಪ್ಲಾನಸ್ ಎಂದು ಹೆಸರು ಹೇಳಿದ್ದರು. ಅವಳು ಸಾರಿಗೆ ಖಾರ ಹಾಕುವುದನ್ನೇ ಬಿಟ್ಟಳು. ನಂದಿನಿ ಲೇಔಟಿನ ನನ್ನ ಹಿಟ್ಟಿನ ಗಿರಣಿಯಿಂದ ಹಸಿದು ಬಂದವನಿಗೆ ಸಪ್ಪೆ ಸಾರು ಕಂಡರೆ ಸಿಟ್ಟು ನೆತ್ತಿಗೇರುತ್ತಿತ್ತು. "ಎಲ್ಲಾ ನಾಟ್ಕ ಕಣೇ ನಿಂದು" ಎಂದು ಎಷ್ಟು ಸಲ ರೇಗಿದ್ದೆನೋ.

ಕೆಂಗೇರಿ ಕಡೆಯ ಒಂದು ದಂತ ಕಾಲೇಜಿನವರು ಅವಳ ಜೊಲ್ಲನ್ನು ಪರೀಕ್ಷೆಗೆ ಕೇಳಿದರು. ಬಾಯಿಯನ್ನು ಕಾಯುವ ಆಂಟಿಆಕ್ಸಿಡೆಂಟುಗಳು ಜೊಲ್ಲಿನಲ್ಲೇ ಇರುತ್ತವಂತೆ. ಈ ರೋಗ, ಶುಗರ್ ಎರಡೂ ಇದ್ದರೆ ಅವು ಹೇಗೆ ಏರುಪೇರಾಗುತ್ತವೆ ಎಂದು ನೋಡುತ್ತಾರಂತೆ. ಹೋಲಿಸಲು ಕಾಯಿಲೆ ಇಲ್ಲದವರೂ ಬೇಕಿತ್ತು.

"ನಂದೂ ತಗೊಳ್ಳಮ್ಮ. ಕಲ್ಲು ತಿಂದ್ರೂ ಅರಗಿಸ್ಕೋತೀನಿ" ಎಂದು ಅಲ್ಲಿದ್ದ ಯುವ ಡಾಕ್ಟರ್ ಮುಂದೆ ಎದೆಯುಬ್ಬಿಸಿದೆ.

"ಮೊದ್ಲು ನಮ್ ದೊಡ್ಡ ಡಾಕ್ಟರ್ ಮೇಡಂ ನಿಮ್ ಬಾಯಿ ನೋಡ್ಬೇಕು ಅಂಕಲ್."

"ಆಮೇಲೆ ನೋಡ್ಲಿ ಬಿಡಮ್ಮ, ನಂಗೆ ಗಿರಣಿ ಇದೆ."

ನನ್ನ ಕಾಟ ತಾಳಲಾರದೆ ಆಕೆ ಒಂದು ಬಾಟಲಿಗೆ 'ಆರೋಗ್ಯವಂತರು' ಎಂಬ ಹಸಿರು ಚೀಟಿ ಅಂಟಿಸಿ ಕೊಟ್ಟರು.

ಎಂಟು ಜನರನ್ನು ಸಾಲಾಗಿ ಕೂರಿಸಿದರು. ಮಾತಾಡಬಾರದು, ನುಂಗಬಾರದು. ತಲೆ ಬಗ್ಗಿಸಿ ಕೂತು, ಜೊಲ್ಲು ತಾನಾಗಿಯೇ ಬಾಟಲಿಗೆ ಇಳಿಯಲು ಬಿಡಬೇಕು. ಹಗಲೆಲ್ಲ ಗಿರಣಿಯ ಸದ್ದಿನಲ್ಲಿರುವ ನನಗೆ ಆ ಮೌನ ವಿಚಿತ್ರವೆನಿಸಿತು. ಯಾರ ಮುಖವೂ ಕಾಣದು. ಬಗ್ಗಿದ ತಲೆಗಳು, ತುಟಿಗಳಿಂದ ಜೋತುಬಿದ್ದ ಜೊಲ್ಲಿನ ಎಳೆಗಳು. ಪಕ್ಕದಲ್ಲಿ ಗಿರಿಜಳ ಬಾಟಲಿ ಖಾಲಿಯೇ ಇತ್ತು. ತೆರೆದ ಬಾಯಿಂದ ಒಣ ಉಸಿರಿನ ಸದ್ದು ಮಾತ್ರ ಬರುತ್ತಿತ್ತು. ಜೀವವಿರುವವರ ನಡುವೆ ಕೂತಿದ್ದೇನೆ ಅನ್ನಿಸಲೇ ಇಲ್ಲ. ಬಹಳ ಹೊತ್ತಿನ ಮೇಲೆ ಅವಳ ಬಾಟಲಿಗೆ ನಾಲ್ಕು ಹನಿ ಬಿತ್ತು.

ಆಮೇಲೆ ಹಿರಿಯ ಡಾಕ್ಟರು ಬಂದು ನನ್ನ ಬಾಯಿಗೆ ಟಾರ್ಚ್ ಬಿಟ್ಟರು. ನಾನು ನಗುತ್ತಲೇ ಬಾಯಿ ತೆರೆದೆ. ಅವರು ನಗಲಿಲ್ಲ. ಕೆನ್ನೆಯನ್ನು ಸರಿಸಿ ತುಂಬಾ ಹೊತ್ತು ನೋಡಿದರು. ಕೊನೆಗೆ ಒಂದು ಕನ್ನಡಿ ಹಿಡಿದು, "ನೀವೇ ನೋಡಿ ಸಾರ್" ಅಂದರು.

ಗಿರಿಜಳ ಬಾಯಲ್ಲಿದ್ದ ಅದೇ ಬಿಳಿ ಬಲೆ, ನನ್ನ ಎರಡೂ ಕೆನ್ನೆಯಲ್ಲಿ. ನಾಲಿಗೆಯಿಂದ ಮುಟ್ಟಿ ನೋಡಿದೆ. ನೋವಿಲ್ಲ, ಉರಿಯಿಲ್ಲ. ಎಷ್ಟು ದಿನದಿಂದ ಸದ್ದಿಲ್ಲದೆ ನನ್ನೊಳಗೆ ಕೂತಿತ್ತೋ! ಅದು ನನ್ನ ಬಾಯಿಯೇ ಅಲ್ಲ ಅನ್ನಿಸಿಬಿಟ್ಟಿತು. ಬೆರಳು ಚುಚ್ಚಿ ನೋಡಿದರೆ ಶುಗರೂ ಇತ್ತು. ಯುವ ಡಾಕ್ಟರು ನನ್ನ ಬಾಟಲಿಯ ಹಸಿರು ಚೀಟಿ ಕಿತ್ತು, ಐಸ್ ಡಬ್ಬಿಯಲ್ಲಿ ಅದನ್ನು ಗಿರಿಜಳ ಬಾಟಲಿಯ ಪಕ್ಕಕ್ಕೆ ಇಟ್ಟರು.

"ನನ್ನಿಂದ ಅಂಟ್ತಾ ಮೇಡಂ ಇವ್ರಿಗೆ?" ಗಿರಿಜ ಕೇಳಿದಳು.

"ಇಲ್ಲಮ್ಮ, ಇದು ಅಂಟೋ ಕಾಯಿಲೆ ಅಲ್ಲ. ಕೆಲವ್ರಿಗೆ ಇರೋದೇ ಗೊತ್ತಾಗಲ್ಲ. ಆದ್ರೆ ಅಪರೂಪಕ್ಕೆ ಕೆಟ್ಟದ್ದಕ್ಕೂ ತಿರುಗುತ್ತೆ. ಇಬ್ರೂ ಆಗಾಗ ಬಂದು ತೋರಿಸ್ತಾ ಇರಿ."

ಈಗ ತಪ್ಪದೆ ಇಬ್ಬರೂ ಹೋಗುತ್ತೇವೆ. ನನಗೆ ಇವತ್ತಿಗೂ ಉರಿಯಿಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ಬಾಯಿ ತೆರೆದರೆ ಬಲೆ ಅಲ್ಲೇ ಇರುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ಅವತ್ತು ರಸ್ತೆಯಲ್ಲಿ ಆಟೋಗೆ ಕಾಯುತ್ತಾ ನಿಂತಿದ್ದಾಗ ಗಿರಿಜ ಆಡಿದ ಮಾತು. 'ತಕ್ಕ ಶಾಸ್ತಿಯಾಯ್ತು' ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ತೋಳು ಹಿಡಿದು, "ನಿಮ್ಗೂ ಹೀಗೇ ಉರೀತಿತ್ತೇನ್ರೀ? ನಂಗ್ಯಾಕೆ ಹೇಳ್ಲಿಲ್ಲ?" ಎಂದಳು.

ಒಂದು ವರ್ಷದಲ್ಲಿ ನಾನು ಅವಳನ್ನು ಒಮ್ಮೆಯೂ ಹಾಗೆ ಕೇಳಿರಲಿಲ್ಲ.