ಸಂದಿಯಲ್ಲಾದ ಉದ್ಘಾಟನೆ

ಇಮಾಮಸಾಬನ ಆಯುಷ್ಯದ ಹೆಚ್ಚಿನ ಪಾಲು ಬೋರಗಾಂವದ ಪವರ್‌ಲೂಮ್ ಗದ್ದಲದಲ್ಲೇ ಕಳೆದಿತ್ತು. ಅವನು ಮಗ್ಗ ನಡೆಸುತ್ತಿದ್ದ, ಹೆಂಡತಿ ರಜಿಯಾ ಅದೇ ಶೆಡ್ಡಿನ ಮೂಲೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಇಬ್ಬರೂ ಕೈಸನ್ನೆಯಲ್ಲೇ ಸಂಸಾರ ಮಾಡಿದ್ದರು. ಕೆಲಸ ಬಿಟ್ಟ ಮೇಲೆ ಮಗಳು ಫಿರದೋಸ ಅವರನ್ನು ನಿಪ್ಪಾಣಿಯ ಅಂಚಿನ ಹೊಸ ಕಾಲನಿಗೆ ಕರೆತಂದಳು. ಅಲ್ಲಿ ಕೂತು ಉಂಡು ಇಮಾಮಸಾಬನ ಹೊಟ್ಟೆ ಅವನಿಗಿಂತ ಮುಂದೆ ನಡೆಯತೊಡಗಿತು. "ದಿನಾ ವಾಕಿಂಗ್ ಮಾಡ್ರಿ" ಎಂದರು ಡಾಕ್ಟರು.

ಕಾಲನಿಯಲ್ಲಿ ಚೆಂದದ ಪಾರ್ಕು ಇತ್ತು. ಕಲ್ಲುಹಾಸಿದ ನಡೆಹಾದಿ, ಬೆಂಚು, ಬೇವು, ಹೊಂಗೆ ಎಲ್ಲ ಸಿದ್ಧ. ಆದರೆ ಗೇಟಿಗೆ ಕೀಲಿ. ಉದ್ಘಾಟನೆಗೆ ಬರಬೇಕಾದ ಸಾಹೇಬರಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಹಾಗಂತ ಜನ ಬಿಡುತ್ತಾರೆಯೇ? ಹಿಂಬದಿಯ ಕಬ್ಬಿಣದ ಬೇಲಿಯ ಒಂದು ಸರಳನ್ನು ಯಾರೋ ಬಗ್ಗಿಸಿದ್ದರು. ಬೆಳಗಾದರೆ ಇಡೀ ಕಾಲನಿ ಆ ಸಂದಿಯಲ್ಲಿ ತೂರಿ ಒಳಗೆ ತಿರುಗಾಡುತ್ತಿತ್ತು.

ಮೊದಲ ದಿನ ಇಮಾಮಸಾಬ ರಜಿಯಾಳನ್ನು ಕರೆದುಕೊಂಡು ನೇರ ಗೇಟಿಗೆ ಹೋದ. ವಾಚಮನ್ ಹಾಲಸಿದ್ದ ಕುರ್ಚಿ ಹಾಕಿಕೊಂಡು ಕೂತಿದ್ದ.

"ತಮ್ಮಾ, ಎಲ್ಲಾರೂ ಒಳಗ ಅದಾರಲ್ಲ?"

"ಅದಾರ್ರಿ."

"ಮತ್ತ ಗೇಟ್ ತಗೀ."

"ಹೆಂಗ ತಗೀಲ್ರಿ ಚಾಚಾ? ನನ್ನ ಡ್ಯೂಟಿ ಕೀಲಿ ಕಾಯೂದು. ಸಂದಿ ನನ್ನ ಡ್ಯೂಟ್ಯಾಗ ಬರೂದಿಲ್ಲ."

ಸಂದಿಗೆ ಬಂದರು. ರಜಿಯಾ ಸೂಜಿಗೆ ನೂಲು ಪೋಣಿಸಿದ ಹಾಗೆ ಒಳಗೆ ನುಸುಳಿದಳು. ಇಮಾಮಸಾಬನ ತಲೆ ಹೋಯಿತು, ಒಂದು ಕಾಲು ಹೋಯಿತು, ಉಳಿದದ್ದು ಹೊರಗೇ ನಿಂತಿತು.

"ಬಾಜೂ ತಿರುಗಿ ಬರ್ರಿ" ಎಂದಳು ರಜಿಯಾ.

"ಬಾಜೂ ತಿರುಗಿದ್ರ ಇನ್ನಾ ದಪ್ಪ ಅದೀನಿ!"

ಹೊಟ್ಟೆ ಕರಗಬೇಕೆಂದರೆ ಪಾರ್ಕಿನಲ್ಲಿ ನಡೆಯಬೇಕು. ಪಾರ್ಕಿಗೆ ಹೋಗಬೇಕೆಂದರೆ ಹೊಟ್ಟೆ ಕರಗಬೇಕು. ಯೋಚಿಸಿ ಯೋಚಿಸಿ ಇಮಾಮಸಾಬ ಬೇಲಿಯ ಹೊರಗೇ ಹೆಜ್ಜೆ ಹಾಕಿದ. ಒಳಗೆ ಕಲ್ಲುಹಾಸಿನ ಮೇಲೆ ರಜಿಯಾ, ಹೊರಗೆ ಜಾಲಿಕಂಟಿಯ ನಡುವೆ ಅವನು, ಮಧ್ಯೆ ಸರಳು. ಆಗಲೇ ಅವರಿಬ್ಬರ ಮಾತು ಶುರುವಾಯಿತು.

"ಒಂದ್ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಪ್ರತಿ ಸಂತಿಗೂ ಅಷ್ಟ್ ಬದನಿಕಾಯಿ ಯಾಕ ತರ್ತಿದ್ರಿ?"

"ಶೆಡ್ಡಿನ್ಯಾಗ ನೀನ ಕೈ ಎತ್ತಿ ಇನ್ನಾ ತರ್ರಿ ಅಂತಿದ್ದಿ!"

"ಯಾ ಅಲ್ಲಾ! ಸಾಕ ಮಾಡ್ರಿ ಅಂತ ಕೈ ಎತ್ತತಿದ್ನಿ!"

ಇಮಾಮಸಾಬ ನಿಂತುಬಿಟ್ಟ. ಅವನಿಗೂ ಬದನೆಕಾಯಿ ಸೇರುತ್ತಿರಲಿಲ್ಲ. ಹೆಂಡತಿಗೆ ಇಷ್ಟವೆಂದು ಜೀವಮಾನವಿಡೀ ನುಂಗಿದ್ದ. ಇಬ್ಬರೂ ಸರಳು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಅವನಿಗೆ ವಾಕಿಂಗಿನ ಹುಚ್ಚು ಹಿಡಿಯಿತು. ಜಾಲಿಕಂಟಿ ಸವರಿದ, ಹಾದಿ ಬಿತ್ತು, ಹೊಟ್ಟೆಯೂ ತುಸು ಇಳಿಯಿತು. ಸಂದಿಯಲ್ಲಿ ಹಿಡಿಸದ ನಿವೃತ್ತ ಮಾಸ್ತರ ಅಣ್ಣಾಸಾಬರೂ ಅವನ ಬೆನ್ನು ಹತ್ತಿದರು.

ಕೊನೆಗೂ ಸಾಹೇಬರ ತಾರೀಖು ಸಿಕ್ಕಿತು. ಪೆಂಡಾಲು ಬಿತ್ತು, ಹಲಗಿ ಬಾರಿಸುವವರು ಬಂದರು, ಗೇಟಿಗೆ ಕೆಂಪು ರಿಬ್ಬನ್ ಕಟ್ಟಿದರು. ಇಮಾಮಸಾಬನಿಗೆ ಮಾತ್ರ ಕಳವಳ. ಇಷ್ಟು ಬೆವರು ಸುರಿಸಿ ಎಲ್ಲರಂತೆ ಗೇಟಿನಲ್ಲಿ ಹೋದರೆ ಇಳಿಸಿದ ಹೊಟ್ಟೆಗೆ ಏನು ಮರ್ಯಾದೆ? ಸಾಹೇಬರು ಬರುವ ಮೊದಲೇ ಸಂದಿಗೆ ಹೋಗಿ ಉಸಿರು ಬಿಗಿಹಿಡಿದು ನುಗ್ಗಿದ. ಎದೆ ಪಾರಾಯಿತು. ಹೊಟ್ಟೆ ಅರ್ಧ ಪಾರಾಯಿತು. ಅಲ್ಲಿಗೇ ಕಚ್ಚಿಕೊಂಡಿತು.

ಒಳಗಿದ್ದ ಹೆಂಗಸರು ಕೈ ಹಿಡಿದು ಎಳೆದರು. ಹೊರಗಿನಿಂದ ಅಣ್ಣಾಸಾಬರು ಕಾಲು ಹಿಡಿದು ಹಿಂದಕ್ಕೆ ಜಗ್ಗಿದರು. ಪೆಂಡಾಲಿನ ಜನವೆಲ್ಲ ಅಲ್ಲಿಗೇ ಓಡಿತು, ಹಲಗಿಯವರೂ ಬಾರಿಸುತ್ತಲೇ ಬಂದರು. ಸಾಹೇಬರ ಕಾರು ಬಂದಾಗ ಗೇಟಿನಲ್ಲಿ ಹಾಲಸಿದ್ದನೊಬ್ಬನೇ. ಸಾಹೇಬರು ಹಲಗಿ ಸದ್ದು ಹಿಡಿದು ಪಾರ್ಕಿನ ಹಿಂಬದಿಗೆ ಬಂದು ನೋಡಿದರು.

"ಇವರನ್ನ ಯಾಕ್ರಿ ಬೇಲ್ಯಾಗ ಇಟ್ಟೀರಿ?"

"ಸಾಹೇಬ್ರ, ಮಾತು ಆಮ್ಯಾಗ. ಮೊದಲ ಒಳಗ ದೂಕ್ರಿ!" ಎಂದು ಇಮಾಮಸಾಬ ಕೂಗಿದ.

ಸಾಹೇಬರು ಕೊರಳ ಶಾಲು ತೆಗೆದಿಟ್ಟು, ತೋಳೇರಿಸಿ, ಭುಜಕೊಟ್ಟು ನೂಕಿದರು. ಇಮಾಮಸಾಬ ಬಾಟಲಿಯ ಬಿರಡೆಯಂತೆ ಟಪ್ಪೆಂದು ಒಳಗೆ ಬಿದ್ದ. ಚಪ್ಪಾಳೆ, ಸೀಟಿ, ಫೋಟೊ. "ಪಾರ್ಕಿನ ಉದ್ಘಾಟನೆ ಆತು" ಎಂದು ಸಾರಿ, ಬೆವರು ಒರೆಸಿಕೊಂಡು, ಸಾಹೇಬರು ಮುಂದಿನ ಕಾರ್ಯಕ್ರಮಕ್ಕೆ ಹೊರಟುಹೋದರು.

ಎಲ್ಲರೂ ಗೇಟಿಗೆ ಬಂದರೆ ಹಾಲಸಿದ್ದ ಚಾವಿ ಕೊಡಲೊಲ್ಲ. "ರಿಬ್ಬನ್ ಎಲ್ಲಿ ಕಟ್ ಆಗೇತ್ರಿ? ಇಲ್ಲೇ ಐತಿ ನೋಡ್ರಿ."

ಇಮಾಮಸಾಬ ಈಗ ಒಳಗೆ ಸಿಕ್ಕಿಬಿದ್ದ. ಸರಳಿನ ನಡುವೆ ದಾಟಿಸಿದ ಸಮಾರಂಭದ ಶಿರಾ, ಭಜಿ ಬೇರೆ ತಿಂದಾಗಿತ್ತು, ಸಂದಿಯಲ್ಲಿ ಹೊರಬರುವ ಭರವಸೆಯೇ ಉಳಿದಿರಲಿಲ್ಲ. ಫಿರದೋಸ ಹಾಸಿಗೆ ತರಲೋ, ಊಟ ತರಲೋ ಎಂದು ಬೇಲಿಯಾಚೆ ಚಡಪಡಿಸಿದಳು. ಕಡೆಗೆ ವೆಲ್ಡಿಂಗ್ ಅಂಗಡಿಯ ಅಮೋಲ ಬಂದು ಇನ್ನೊಂದು ಸರಳು ಕತ್ತರಿಸಿದ. ಸಂದಿ ಬಾಗಿಲಾಯಿತು.

ಮರುದಿನದಿಂದ ಗಂಡ ಹೆಂಡತಿ ಒಂದೇ ಹಾದಿಯಲ್ಲಿ ಅಕ್ಕಪಕ್ಕ ನಡೆಯತೊಡಗಿದರು. ನಡುವೆ ಬೇಲಿಯಿಲ್ಲದಿದ್ದರೂ ದನಿ ಮಾತ್ರ ಇಳಿಯಲಿಲ್ಲ. ಅತ್ತೆಯ ಸುದ್ದಿ, ಮೈದುನನ ಮದುವೆಯಲ್ಲಾದ ಜಗಳ ಇಡೀ ಕಾಲನಿಗೆ ಕೇಳುತ್ತಿತ್ತು. ಒಂದು ಬೆಳಗ್ಗೆ ಹಿಂದೆ ಬರುತ್ತಿದ್ದ ಅಣ್ಣಾಸಾಬರು ತಡೆಯಲಾರದೆ ಹತ್ತಿರ ಬಂದರು. ಮೆಲ್ಲಗೆ ಮಾತಾಡಿ ಎನ್ನುತ್ತಾರೆಂದು ರಜಿಯಾ ಸೆರಗು ಎಳೆದುಕೊಂಡಳು.

"ಭಾಭಿ," ಎಂದರು ಅವರು, "ಆ ಮದುವ್ಯಾಗ ಮುಂದ ಏನಾತ್ರಿ? ನಿನ್ನಿ ಅರ್ಧಕ್ಕ ಬಿಟ್ರಿ."