ಕರಿ ದ್ರಾಕ್ಷಿಯ ನೀಲಿ

ನಮ್ಮ ಮನೆಯಿಂದ ಉಡುಗೊರೆಯಾಗಿ ಹೋದ ಸೀರೆ ಎಂಟನೆಯ ದಿನಕ್ಕೆ ವಾಪಸು ಬಂತು. ತಂದವರು ನನ್ನ ಸಂಬಂಧ ಕುದುರಿಸಿದ ದಲ್ಲಾಳಿ. ಕಾಫಿ ಬೇಡವೆಂದು, ಕವರನ್ನು ಅಪ್ಪನ ಕಡೆ ತಳ್ಳಿ, "ಕರಿ ಸೀರೆ ಶುಭಕಾರ್ಯಕ್ಕೆ ಆಗಲ್ಲ ಅಂತವ್ರೆ ಕಣಪ್ಪಾ. ಮದ್ವೆ ಮಾತು ಆಮೇಲೆ ನೋಡಾನ ಅಂದ್ರು," ಎಂದರು.

"ಕರೀನಾ? ಕಣ್ಬಿಟ್ಟು ನೋಡುದ್ರಾ ಅವ್ರು?" ಅಪ್ಪ ಸೀರೆ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದರು. ದಲ್ಲಾಳಿ ಆ ಕಡೆ ತಿರುಗದೆ ಚಪ್ಪಲಿ ಮೆಟ್ಟಿಕೊಂಡರು.

ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂದೆ ಎರಡು ಪವರ್‌ಲೂಮ್‌ಗಳಿದ್ದವು. ಹತ್ತನೇ ಕ್ಲಾಸು ಮುಗಿಸಿದ ಮೇಲೆ ನನ್ನ ಹಗಲೆಲ್ಲ ಅವುಗಳ ಪಕ್ಕದಲ್ಲೇ ಕಳೆದಿತ್ತು. ಗಂಡಿನ ಕಡೆಯವರೂ ನಮ್ಮ ಜನವೇ, ಆದರೆ ಮಗ್ಗ ಬಿಟ್ಟು ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಮಾಡಿಕೊಂಡವರು. ಹೆಣ್ಣು ನೋಡಲು ಬಂದಾಗ ಒಂದು ಬುಟ್ಟಿ ದ್ರಾಕ್ಷಿ ತಂದಿದ್ದರು. ಮೇಲೆ ತೆಳ್ಳಗೆ ಬೂದಿ ಸವರಿದಂತಿದ್ದ ಆ ಹಣ್ಣಿನ ನೀಲಿ ನನ್ನ ಕಣ್ಣಿಗೆ ಅಂಟಿಕೊಂಡಿತು. ಒಂದು ಗೊಂಚಲನ್ನು ಬಣ್ಣ ಹಾಕುವವರ ಮನೆಗೆ ಒಯ್ದು ಇದೇ ಬೇಕೆಂದೆ. ಮೂರನೆಯ ಸಲಕ್ಕೆ ನೂಲು ಆ ಬಣ್ಣಕ್ಕೆ ಬಂತು. ನಿಶ್ಚಿತಾರ್ಥದಲ್ಲಿ ಅತ್ತೆಯಾಗಲಿರುವವರಿಗೆ ಕೊಡಲೆಂದು ನಾನೇ ನಿಂತು ನೇಯಿಸಿದ ಸೀರೆ ಅದು.

ನಮ್ಮಲ್ಲಿ ಹಳಬರ ಬಾಯಲ್ಲಿ ಕಡುನೀಲಿಯೂ ಕರಿಯೇ. ಕೃಷ್ಣ ಎಂದರೆ ಕಪ್ಪು, ಕ್ಯಾಲೆಂಡರಿನಲ್ಲಿ ಮಾತ್ರ ನೀಲಿ. ಅದಕ್ಕೆ ಯಾರೂ ತಕರಾರು ಮಾಡಿದ್ದಿಲ್ಲ. ಇಷ್ಟಕ್ಕೂ ದಿನಾ ಆ ಹಣ್ಣನ್ನೇ ಕೊಯ್ಯುವವರಿಗೆ ಬಣ್ಣ ತಿಳಿಯದೇ? ಬಣ್ಣ ಬರೀ ನೆಪ ಎಂದು ನನಗೆ ಖಾತ್ರಿಯಾಯಿತು. ಅಪ್ಪನಿಗೆ, ಕಾಫಿಯನ್ನೂ ಮುಟ್ಟದೆ ಹೋದ ದಲ್ಲಾಳಿಯ ಮೇಲೆ ಗುಮಾನಿ. ನನಗೆ ಗಂಡಿನ ಮೇಲೆ: ನಿಶ್ಚಿತಾರ್ಥದ ದಿನ ಆತ ಎರಡು ಸಲ ಬಾಗಿಲ ಕಡೆ ನೋಡಿದ್ದ. ಯಾರ ದಾರಿ ಕಾಯುತ್ತಿದ್ದ? ನಾಲ್ಕು ದಿನ ಹೀಗೇ ಒಬ್ಬೊಬ್ಬರನ್ನೇ ಅನುಮಾನಿಸಿ ಸಾಕಾಗಿ, ಅಪ್ಪ ಅಲ್ಲಿಗೆ ಹೊರಟಾಗ ಸೀರೆಯ ಕವರು ಎತ್ತಿಕೊಂಡು "ನಾನೂ ಬರ್ತೀನಿ" ಎಂದೆ.

"ಗಂಡಿನ ಮನೇಗೆ ಹೋಗಿ ನೀನು ನ್ಯಾಯ ಕೇಳದಾ? ಜನ ಏನಂದಾರು?"

"ಜನ ಆಗ್ಲೇ ಏನೋ ಅಂದವ್ರೆ. ಅದೇನೂಂತ ಕೇಳ್ಕೊಂಡ್ ಬರಾಣ."

ಬಸ್ಸಿಳಿದು ಎರಡು ಮೈಲಿ ನಡೆದೆವು. ತೋಟದ ಕಲ್ಲುಕಂಬಗಳ ಮೇಲೆ, ಬಳ್ಳಿಗೆ ಔಷಧಿಯಾಗಿ ಹೊಡೆದ ಮೈಲುತುತ್ತದ ತಿಳಿನೀಲಿ ಕಲೆಗಳಿದ್ದವು. ಚಪ್ಪರದ ಕೆಳಗೆ ಗಂಡಿನ ತಾಯಿ ಗೊಂಚಲು ಕತ್ತರಿಸುತ್ತಿದ್ದರು. ನಮ್ಮನ್ನು ಕಂಡು ಕತ್ತರಿ ನಿಂತಿತು. ಅಪ್ಪ ಮಾತು ತೆಗೆಯುವ ಮೊದಲೇ ನಾನು ಒಂದು ಹಣ್ಣು ಕಿತ್ತೆ.

"ಇದ್ಯಾವ ಬಣ್ಣ ಹೇಳಿ."

"ಕರಿ ದ್ರಾಕ್ಷಿ."

"ಸರ್ಯಾಗ್ ನೋಡಿ, ನೀಲಿ!" ಎಂದು ಚಾಚಿದೆ. ಬೆವೆತ ಹೆಬ್ಬೆರಳಿಗೆ ಬೂದಿಯೆಲ್ಲ ಒರೆಸಿಹೋಗಿ ಹಣ್ಣು ಕಪ್ಪಗೆ ಹೊಳೆಯುತ್ತಿತ್ತು. ಆಕೆ ಅದನ್ನು ಬಾಯಿಗೆ ಹಾಕಿಕೊಂಡು ಬೀಜ ಉಗಿದರು. "ಕರೀನೇ."

ಬುಟ್ಟಿ ಎತ್ತಿಡುವವರಂತೆ ನನ್ನ ಎಡಕ್ಕೆ ಸರಿದರು. ನಾನು ಅಪ್ಪನ ಮುಖ ನೋಡುತ್ತಿದ್ದೆ. ಅದು ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. "ಕೇಳುದ್ರಲ್ಲ, ನೀರು ಬೇಕಾ ಅಂತ," ಎಂದರು ಅಪ್ಪ. "ಹೇಳೇ." ಯಾರು ಕೇಳಿದರು? ತಿರುಗಿದರೆ ಆಕೆ ನನ್ನನ್ನೇ ದಿಟ್ಟಿಸುತ್ತಿದ್ದರು.

"ಎರಡ್ ಸಲ ಕೇಳ್ದೆ," ಎಂದರು. "ಹುಡ್ಗಿಗೆ ಕಿವಿ ಕೇಳ್ಸಲ್ಲ ಅಂತ ಯಾರೋ ಹೇಳುದ್ರು. ಪೂರ್ತಿ ನಂಬಿರ್ಲಿಲ್ಲ."

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ಎಡಗಿವಿ ಮಂದ. ಬಲಗಿವಿ ಚೆನ್ನಾಗೈತೆ. ಮಗ್ಗದ ಸದ್ದಿಗೆ ಹಂಗಾಗೈತೆ."

"ನಂಗೂ ಹೇಳ್ಲಿಲ್ವಲ್ಲೇ," ಎಂದರು ಅಪ್ಪ. ಕರೆದಾಗ ಓಗೊಡದಿದ್ದರೆ ಸೊಕ್ಕು ಎಂದು ಎಷ್ಟೋ ಸಲ ಬೈದಿದ್ದರು. ಸೊಕ್ಕು ಎನ್ನಿಸಿಕೊಳ್ಳುವುದೇ ವಾಸಿ ಎಂದು ನಾನೂ ಸುಮ್ಮನಿದ್ದೆ. ಅವರ ಮುಖ ನೋಡಲಾರದೆ ಆಕೆಯ ಮೇಲೆ ಹರಿಹಾಯ್ದೆ: "ಅನುಮಾನ ಇದ್ದಿದ್ದು ಕಿವಿ ಮ್ಯಾಲೆ. ಅದನ್ನೇ ಕೇಳ್ಬೇಕಿತ್ತು. ಸೀರೆಗ್ಯಾಕೆ ಹೆಸ್ರು ಇಟ್ರಿ?"

ಆಕೆ ಕತ್ತರಿಯನ್ನು ಬುಟ್ಟಿಯಲ್ಲಿಟ್ಟರು. "ಕಿವಿ ಕೆಟ್ಟದೆ ಅಂತ ಹೇಳ್ಕಳ್ಸಿದ್ರೆ ನಿನ್ನ ಇನ್ಯಾರು ಮಾಡ್ಕೊಂಡಾರು? ಸೀರೆ ಕರಿ ಅಂದ್ರೆ ಸೀರೆಗಷ್ಟೇ ಕಳಂಕ."

"ನಿಮ್ಗೆ ಹೇಳಿದ್ದ್ಯಾರು?"

"ಅದನ್ನ ಹೇಳಲ್ಲ."

ಅಷ್ಟರಲ್ಲಿ ಬುಟ್ಟಿ ಹೊತ್ತು ಬಂದ ಮಗನಿಗೆ ಆಕೆ ಎಲ್ಲ ಹೇಳಿದರು. ಆತ ಬುಟ್ಟಿ ಇಳಿಸಿ, "ಅದಕ್ಕೆ ಇಷ್ಟೊಂದು ರಾದ್ಧಾಂತನಾ? ಬಲಗಡೆ ನಿಂತ್ಕೊಂಡು ಮಾತಾಡಿದ್ರಾಯ್ತಪ್ಪಾ," ಎಂದ. ಆಕೆ ನನ್ನ ಕಂಕುಳಲ್ಲಿದ್ದ ಸೀರೆಯ ಕವರಿಗೆ ಕೈ ಚಾಚಿ, "ತಾ ಇಲ್ಲಿ," ಎಂದರು.

ಎರಡು ತಿಂಗಳಿಗೆ ಮದುವೆಯಾಯಿತು. ಅಕ್ಷತೆ ಹಾಕಲು ಬಂದ ಒಬ್ಬೊಬ್ಬರ ಬಾಯನ್ನೂ ನೋಡುತ್ತ ಕೂತಿದ್ದೆ: ಹೇಳಿದ್ದು ಇವರೋ, ಅವರೋ. ಅತ್ತೆಯ ಬಾಯಿಂದ ಹೆಸರು ಕಡೆಗೂ ಹೊರಬೀಳಲಿಲ್ಲ. ಅವರು ಒಳ್ಳೆಯವರೇ. ಆದರೂ ಆ ಕಳಂಕದ ಮಾತು ಮೊದಲೇ ಯೋಚಿಸಿದ್ದೋ, ಸಿಕ್ಕಿಬಿದ್ದ ಹೊತ್ತಿಗೆ ಹೊಳೆದದ್ದೋ ಎಂದು ಅವರ ಪಕ್ಕ ಕೂತು ಕಾಳು ಆರಿಸುವಾಗೆಲ್ಲ ಓರೆಗಣ್ಣಲ್ಲಿ ನೋಡುತ್ತಿದ್ದೆ. ಅವರೂ ಹಾಗೇ, ಇವಳು ಇನ್ನೇನು ಮುಚ್ಚಿಟ್ಟಿದ್ದಾಳೋ ಎಂಬಂತೆ, ನನ್ನನ್ನು ನೋಡುತ್ತಿದ್ದರು.